ನೀರಿನ ಟ್ಯಾಂಕಿನ ಮುಂದಿನ ಪಟ್ಟಿ

ನಮ್ಮ ಟ್ರ್ಯಾಕ್ಟರ್ ಊರೊಳಗೆ ಬಂತು ಅನ್ನುವುದು ನನಗೆ ಅಡುಗೆಮನೆಯಲ್ಲೇ ಗೊತ್ತಾಗುತ್ತಿತ್ತು. ಇಂಜಿನ್ ಸದ್ದಿನಿಂದಲ್ಲ, ಅಂಥ ಸದ್ದು ಊರಲ್ಲಿ ಹತ್ತಾರು. ಹಾಲಿನ ಡೇರಿ ಮುಂದಿನ ಹಂಪ್ ಹತ್ತಿ ಇಳಿಯುವಾಗ ಹಿಂದಿನ ಖಾಲಿ ಟ್ಯಾಂಕು ಒಂದು ಸಲ ಎದ್ದು ದಢಲ್ ಎಂದು ಕೂರುತ್ತಿತ್ತು. ಆ ಸದ್ದು ಕೇಳಿದರೆ ನಾನು ಮುದ್ದೆಗೆ ಎಸರಿಡುತ್ತಿದ್ದೆ, ಜೊತೆಗೆ ಬೈಗುಳವನ್ನೂ ಸಿದ್ಧ ಮಾಡಿಕೊಳ್ಳುತ್ತಿದ್ದೆ.

ನಮ್ಮದು ನೀರು ಹೊಡೆಯುವ ಕೆಲಸ. ಹೊಲದ ಬೋರ್‌ವೆಲ್ಲಿನಲ್ಲಿ ಟ್ಯಾಂಕು ತುಂಬಿಸಿ, ನನ್ನ ಗಂಡ ಕೆಜಿಎಫ್‌ನ ಗಣಿ ಕೆಲಸಗಾರರ ಲೈನು ಮನೆಗಳಿಗೆ ಕೊಟ್ಟು ಬರುತ್ತಾರೆ. ಫೋನು ನನ್ನ ಕೈಯಲ್ಲಿ. "ಅಕ್ಕಾ, ತಣ್ಣಿ ವಂಡಿ ಎಪ್ಪೋ ವರುಂ? ಡ್ರಮ್ಮೆಲ್ಲ ಖಾಲಿ ಕಣಕ್ಕಾ," ಎಂದು ಮೈಸೂರು ಮೈನ್ಸ್ ಕಡೆಯ ಹೆಂಗಸರು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ನೀರಿನ ಗಾಡಿಯನ್ನು ಕೇಳುತ್ತಾರೆ. ಈಗ ಹೊರಟರು, ಈಗ ಬಂದರು ಎಂದು ಸುಳ್ಳು ಹೇಳುವುದು ನನ್ನ ಪಾಲಿನ ಕೆಲಸ.

ಟ್ಯಾಂಕನ್ನು ಟ್ರೇಲರಿಗೆ ಬೆಸುಗೆ ಹಾಕಿಲ್ಲ. ಸುಗ್ಗಿಯಲ್ಲಿ ಇಳಿಸಿ ರಾಗಿ ಹೊರೆ ಹೊಡೆಯಬೇಕಲ್ಲ, ಅದಕ್ಕೆ. ಹಿಂದೊಂದು ಮುಂದೊಂದು ಕಬ್ಬಿಣದ ಪಟ್ಟಿ ಟ್ಯಾಂಕಿನ ಬೆನ್ನ ಮೇಲೆ ಹಾದು ಬಂದು ಟ್ರೇಲರಿನ ಚಾಸಿಯ ತೂತಿನಲ್ಲಿ ಇಳಿಯುತ್ತದೆ. ಕೆಳಗಿನಿಂದ ನಟ್ಟು ಹಾಕಿ ಬಿಗಿಯಬೇಕು. ಅಷ್ಟೇ. ಆ ನಟ್ಟುಗಳನ್ನು ವಾರಕ್ಕೊಮ್ಮೆ ನೋಡಿ, ಸಡಿಲವಿದ್ದರೆ ಒಂದು ಸುತ್ತು ತಿರುಗಿಸಬೇಕು. ಇದಕ್ಕೇನು ಓದಬೇಕೇ? ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ನೀರು ಹಿಂದೆ ಮುಂದೆ ಗುದ್ದುತ್ತದೆ, ಗುದ್ದಿ ಗುದ್ದಿ ನಟ್ಟು ಸಡಿಲವಾಗುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಮುಂದಿನ ಪಟ್ಟಿ ಬಿಟ್ಟುಕೊಂಡರೆ ಟ್ಯಾಂಕು ಬರುವುದು ಡ್ರೈವರಿನ ಬೆನ್ನಿಗೇ. ನಡುವೆ ಅಡ್ಡ ಏನೂ ಇಲ್ಲ.

ಇದನ್ನು ನಾನು ಹೇಳಿದಾಗಲೆಲ್ಲ ಇವರದು ಒಂದೇ ಉತ್ತರ: "ಏನೂ ಆಗಲ್ಲ ಕಣೇ."

ಶ್ರಾವಣದಲ್ಲಿ ನಟ್ಟು ಸಡಿಲವಾಗಿತ್ತು. ಹೇಳಿದೆ. ಏನೂ ಆಗಲ್ಲ. ಗೌರಿ ಹಬ್ಬದ ಹೊತ್ತಿಗೆ ಮುಂದಿನ ಪಟ್ಟಿಯ ಬಲಗಡೆ ನಟ್ಟೇ ಇರಲಿಲ್ಲ. ಆ ಜಾಗದಲ್ಲಿ ಸೆಂಟ್ರಿಂಗ್‌ನವರು ಬಳಸುವ ಬೈಂಡಿಂಗ್ ವೈರನ್ನು ನಾಲ್ಕು ಸುತ್ತು ಸುತ್ತಿದ್ದರು ನಮ್ಮ ಯಜಮಾನರು.

"ನಟ್ಟೆಲ್ಲಿ ಓಯ್ತು ರೀ?"

"ದಾರೀಲೆಲ್ಲೋ ಬಿದ್ದೋಗೈತೆ. ಕ್ಯಾಸಂಬಳ್ಳಿಗಂಟ ನೋಡ್ಕೊಂಡ್ ಬಂದೆ, ಸಿಗ್ಲಿಲ್ಲ."

"ಬಂಗಾರಪೇಟೆಗೆ ಓಗಿ ಒಂದು ತರಬಾರ್ದಾ?"

ಹೋದರು. ಸಂಜೆ ಕೈಯಲ್ಲಿ ಪಾನಿಪುರಿ ಪಾರ್ಸಲ್ ಹಿಡಿದು ಬಂದರು. ಬಂಗಾರಪೇಟೆಗೆ ಹೋದವರು ಪಾನಿಪುರಿ ತರದೆ ಬಂದರೆ ಪಾಪ ಸುತ್ತಿಕೊಳ್ಳುತ್ತದೆ ಅನ್ನುವಂತೆ ಆಡುತ್ತಾರೆ ನಮ್ಮ ಕಡೆ. ನಟ್ಟು? ಅಂಗಡಿ ಮುಚ್ಚಿತ್ತಂತೆ. ಇನ್ನೊಂದು ಸಲ ತಂದದ್ದು ಥ್ರೆಡ್ಡು ಕೂರಲಿಲ್ಲ. ಹಳೇ ಕಾಲದ ಸೈಜು, ಈಗ ಅದು ಬಂಗಾರಪೇಟೆಯಲ್ಲೇ ಸಿಗುವುದಿಲ್ಲ ಎಂದು ಜಗಲಿಯಲ್ಲಿ ಕೂತು ಘೋಷಿಸಿದರು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆ ಹೂಂಗುಟ್ಟಿದರು. ಹಾಗಾದರೆ ಹೊಸ ನಟ್ಟು ಕೂರುವಂಥ ಬೇರೆ ಪಟ್ಟಿ ಮಾಡಿಸಿ ಎಂದರೆ, "ಆಯುಧ ಪೂಜೆಗೆ ಎಂಗೂ ಎಲ್ಲಾ ಮಾಡಿಸ್ತೀನಲ್ಲ, ಬಿಡು ಅತ್ಲಾಗೆ." ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಆಯುಧ ಪೂಜೆ ಬಂತು. ಎಲ್ಲಾ ಮಾಡಿಸಿದ್ದರು, ನಿಜ. ಟ್ಯಾಂಕಿಗೆ ನೀಲಿ ಬಣ್ಣ ಬಳಿಸಿದ್ದರು. ಪಟ್ಟಿಗೆ ಬೆಳ್ಳಿ ಬಣ್ಣ. ಬೈಂಡಿಂಗ್ ವೈರಿಗೂ ಬೆಳ್ಳಿ ಬಣ್ಣ! ಅದನ್ನು ನೋಡಿ ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಯಿತು. ಟ್ರ್ಯಾಕ್ಟರಿನ ಮುಂದೆ ಮಣೆ ಹಾಕಿ ಅತ್ತೆ ಕುಡುಗೋಲು, ಮಚ್ಚು, ಗುದ್ದಲಿ, ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಕುಂಕುಮ ಇಟ್ಟು ಹೂವು ಏರಿಸಿದ್ದರು. ಮಂಗಳಾರತಿ ಮುಗಿದು ಕುಂಬಳಕಾಯಿ ಒಡೆಯುವ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು. ಹಬ್ಬಕ್ಕೆ ಗಾಡಿ ತೊಳೆದು ತೊಳೆದು ಲೈನಿನವರ ನೀರೆಲ್ಲ ಖಾಲಿ. ಒಂದು ಲೋಡು ಬೇಕೇ ಬೇಕಂತೆ.

"ತುಂಬಿದ ಟ್ಯಾಂಕೇ ಐತಲ್ಲ, ಕೊಟ್ಟು ಬತ್ತೀನಿ," ಎಂದು ಇವರು ಹತ್ತಿ ಕೂತರು.

"ಇಳೀರಿ. ಮೊದಲು ಆ ಪಟ್ಟಿಗೆ ಏನಾದ್ರೂ ಮಾಡಿ. ಉಳಿದ ಮೂರು ನಟ್ಟಾದ್ರೂ ಬಿಗೀರಿ."

"ಇವತ್ತು ಸ್ಪ್ಯಾನರ್ ಮುಟ್ಟಂಗಿಲ್ಲ ಕಣೇ. ಪೂಜೆಗೆ ಇಟ್ಟೈತೆ."

"ಟ್ರ್ಯಾಕ್ಟರನ್ನೂ ಪೂಜೆಗೆ ಇಟ್ಟಿದೆಯಲ್ಲ!"

"ಅದು ಬಾಡಿಗೆ. ಅದು ಬ್ಯಾರೆ."

ಸ್ಪ್ಯಾನರಿಗೆ ರಜಾ, ಟ್ರ್ಯಾಕ್ಟರಿಗೆ ಡ್ಯೂಟಿ. ಈ ನ್ಯಾಯ ಯಾವ ದೇವರು ಮಾಡಿದ್ದೋ ಕಾಣೆ. ನನಗೆ ಎಲ್ಲಿಂದ ಸಿಟ್ಟು ಬಂತೋ, ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀದಾ ಹೋಗಿ ಮಣೆಯ ಮೇಲಿನ ದೊಡ್ಡ ಸ್ಪ್ಯಾನರಿಗೆ ಕೈ ಹಾಕಿದೆ. "ಅಯ್ಯೋ, ಮುಟ್ಬ್ಯಾಡ ಕಣಮ್ಮ! ನಾಳೆ ಬನ್ನಿ ಪೂಜೆ ಆಗೋಗಂಟ ಎತ್ತಬಾರ್ದು," ಎಂದು ಅತ್ತೆ ಕೂಗಿಕೊಂಡರು.

ಆಗ ಕಂಡಿತು. ಕುಡುಗೋಲಿಗೂ ಸ್ಪ್ಯಾನರಿಗೂ ನಡುವೆ, ಹಣೆಗೆ ಕುಂಕುಮ ಇಟ್ಟುಕೊಂಡು, ತಲೆಯ ಮೇಲೆ ಒಂದು ಸೇವಂತಿಗೆ ಹೊತ್ತು, ದಪ್ಪನೆಯ ಹಳೇ ನಟ್ಟು.

"ಅತ್ತೆ, ಇದೆಲ್ಲಿ ಸಿಕ್ತು?"

"ಅದಾ? ಗೌರಿ ಹಬ್ಬಕ್ಕೆ ಮುಂಚೆ ಅಂಗಳ ಗುಡಿಸ್ತಿದ್ನಾ, ಟ್ರ್ಯಾಕ್ಟ್ರು ನಿಲ್ಸೋ ತಾವ ಬಿದ್ದಿತ್ತು. ಕಬ್ಬಿಣ, ಕಾಲಲ್ಲಿ ತುಳೀಬಾರ್ದು ಅಂತ ತೊಳ್ದು ದೇವ್ರ ಗೂಡಲ್ಲಿ ಮಡಗಿದ್ದೆ. ಪೂಜೆಗೆ ಓಗ್ಲಿ ಅಂತ ಇಟ್ಟೆ."

"ನಾವು ನಟ್ಟು ನಟ್ಟು ಅಂತ ಬಾಯಿ ಬಡ್ಕೋತಿದ್ದಾಗ ಹೇಳಬಾರ್ದಿತ್ತಾ?"

"ಬಂಗಾರಪೇಟೇಲೇ ಸಿಗಲ್ಲ ಅಂದ್ನಲ್ಲ ಇವ್ನು. ಅಷ್ಟು ದೊಡ್ಡ ಸಾಮಾನು ಇದೇ ಅಂತ ನಂಗೇನ್ ಗೊತ್ತು?"

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ನಮ್ಮ ಮನೆಯಲ್ಲಿ ಆ ಬೆಣ್ಣೆಗೆ ದಿನಾ ಬೆಳಗ್ಗೆ ಊದುಬತ್ತಿಯನ್ನೂ ಹಚ್ಚಿದ್ದೆವು. ಹಚ್ಚುತ್ತಿದ್ದವರು ಅತ್ತೆ, ಮಗ ಕ್ಷೇಮವಾಗಿ ಬರಲಿ ಎಂದು.

ನಾನು ಅವರ ಕೈ ಹಿಡಿದು ಟ್ರೇಲರಿನ ಪಕ್ಕಕ್ಕೆ ಕರೆದುಕೊಂಡು ಹೋಗಿ, ಬೆಳ್ಳಿ ಬಣ್ಣದ ವೈರನ್ನು ತೋರಿಸಿದೆ. "ಈ ನಟ್ಟು ಇರಬೇಕಾದ ಜಾಗ ಇದು ಅತ್ತೆ. ಇದಿಲ್ಲದೆ ಅಷ್ಟು ನೀರು ಹೇರಿಕೊಂಡು ದಿನಾ ಹೋಗಿ ಬರ್ತಾ ಇದ್ದಾರೆ. ಟ್ಯಾಂಕು ಜಾರಿದರೆ ನೇರ ಅವರ ಬೆನ್ನಿಗೇ."

ಅತ್ತೆ ಟ್ಯಾಂಕು ನೋಡಿದರು, ಮುಂದೆ ಸೀಟಿನಲ್ಲಿ ಕೂತ ಮಗನ ಬೆನ್ನು ನೋಡಿದರು. ಮಣೆಯ ಹತ್ತಿರ ಹೋಗಿ ಸ್ಪ್ಯಾನರಿನ ಮೇಲಿದ್ದ ಹೂವನ್ನು ಕಣ್ಣಿಗೊತ್ತಿಕೊಂಡು ತೆಗೆದರು. ಸ್ಪ್ಯಾನರನ್ನೂ ನಟ್ಟನ್ನೂ ನನ್ನ ಕೈಗೆ ಕೊಟ್ಟು, "ತಿರುಗ್ಸಮ್ಮ. ತೆಪ್ಪಾದ್ರೆ ನನ್ಗಾಗ್ಲಿ," ಎಂದರು. ಆಮೇಲೆ ಮಗನ ಕಡೆ ತಿರುಗಿ, "ಇಳಿಯೋ ಕೆಳ್ಗೆ, ಮೂದೇವಿ ನನ್ಮಗನೇ! ಏನೂ ಆಗಲ್ವಂತೆ, ಏನೂ ಆಗಲ್ಲ! ಅವ್ಳು ಏಳ್ತಾವ್ಳೆ, ಕಿವಿ ಇಲ್ವೇನ್ಲಾ ನಿಂಗೆ?" ಎಂದು ಬೀದಿಯೆಲ್ಲ ಕೇಳುವಂತೆ ಬೈದರು. ಇಷ್ಟು ವರ್ಷದ ಸಂಸಾರದಲ್ಲಿ ಅತ್ತೆ ನನ್ನ ಕಡೆ ಸೇರಿದ್ದು ಅದೇ ಮೊದಲು.

ಇವರು ಇಳಿದು ಬಂದು ಕಟಿಂಗ್ ಪ್ಲೇಯರಿನಿಂದ ವೈರು ಕತ್ತರಿಸಿದರು. ಕತ್ತರಿಸಿದ್ದೇ ತಡ, ಪಟ್ಟಿಯ ತುದಿ ಟಣ್ ಎಂದು ತೂತಿನಿಂದ ಈಚೆಗೆ ಹಾರಿ ಮೇಲೆದ್ದು ನಿಂತಿತು. ಇವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ನಂತರ ಪಟ್ಟಿಯನ್ನು ಮೈಭಾರ ಹಾಕಿ ಕೆಳಕ್ಕೆ ಒತ್ತಿ ಹಿಡಿದರು. ನಾನು ಟ್ರೇಲರಿನ ಕೆಳಗೆ ತೂರಿ, ಕುಂಕುಮದ ನಟ್ಟನ್ನು ಹಾಕಿ ತಿರುಗಿಸಿದೆ. ಹಾಗೆಯೇ ಉಳಿದ ಮೂರನ್ನೂ ಬಿಗಿದೆ. ಮೂರೂ ಸಡಿಲವೇ ಇದ್ದವು.

ನಿಂಬೆಹಣ್ಣು ಜಜ್ಜಿಕೊಂಡು ಟ್ರ್ಯಾಕ್ಟರ್ ಹೋಯಿತು. ಅಡುಗೆಮನೆಗೆ ಬಂದು ಒಬ್ಬಟ್ಟು ತಟ್ಟುತ್ತಾ ಕೂತೆ, ಕಿವಿ ಮಾತ್ರ ಡೇರಿ ಮುಂದಿನ ಹಂಪಿನ ಮೇಲೆ. ಹೋಗಿ ಬರುವಷ್ಟು ಹೊತ್ತು ಆಯಿತು. ದಢಲ್ ಇಲ್ಲ. ಇನ್ನೂ ಸ್ವಲ್ಪ ಹೊತ್ತಾಯಿತು. ಇಲ್ಲ. ಇಳಿಜಾರು, ಬ್ರೇಕು, ನಾನು ಬಿಗಿದದ್ದು ಸರಿಯಾಗಿತ್ತೋ ಇಲ್ಲವೋ, ಎಲ್ಲ ಒಟ್ಟಿಗೆ ತಲೆಗೆ ನುಗ್ಗಿತು. ಸ್ಪ್ಯಾನರ್ ಎತ್ತಿಕೊಂಡು, ಯಾಕೆ ಎತ್ತಿಕೊಂಡೆನೋ ಗೊತ್ತಿಲ್ಲ, ಬೀದಿಗೆ ಓಡಿದೆ.

ಬಾಗಿಲಲ್ಲೇ ಟ್ರ್ಯಾಕ್ಟರ್ ನಿಂತಿತ್ತು. ಇವರು ಆಗಲೇ ಇಳಿದು ಚಪ್ಪಲಿ ಬಿಡುತ್ತಿದ್ದರು. ಬಿಗಿದ ಟ್ಯಾಂಕು ಹಂಪಿನ ಮೇಲೆ ಎದ್ದೇ ಇರಲಿಲ್ಲ, ಸದ್ದೇ ಆಗಿರಲಿಲ್ಲ.

"ನೋಡ್ದಾ?" ಎಂದರು. "ಏನೂ ಆಗ್ಲಿಲ್ಲ."

ನಾನು ಸ್ಪ್ಯಾನರ್ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ.