ಟಿವಿ ಗೇಮಿಗೆ ಮಂಗಳ ಹಾಡಿದ್ದು

ನನಗೆ ಬಾಯಿಪಾಠ ಬರುವ ಸಂಗೀತ ಒಂದೇ ಒಂದು. ಅದರ ಕೊನೆ ಮಾತ್ರ ಗೊತ್ತಿಲ್ಲ. ನಗಬೇಡಿ. ನೀವೂ ಚಿಕ್ಕಂದಿನಲ್ಲಿ ಟಿವಿಗೆ ವೈರು ಸಿಕ್ಕಿಸಿ ಗೇಮ್ ಆಡಿದವರಾಗಿದ್ದರೆ ಆ ಟ್ಯೂನನ್ನು ಒಮ್ಮೆ ಗುನುಗಿ ನೋಡಿ. ಗುನುಗುತ್ತೀರಿ, ಗುನುಗುತ್ತೀರಿ, ನೋಡಿದರೆ ಮತ್ತೆ ಮೊದಲಿಗೇ ಬಂದಿರುತ್ತೀರಿ. ವಿಜಯನಗರದಲ್ಲಿ ಬಸ್ಸು ಹತ್ತಿ ನಿದ್ದೆಹೋದವನು ಕೆಂಗೇರಿ ಮುಟ್ಟಿ ಬಂದು ವಿಜಯನಗರದಲ್ಲೇ ಕಣ್ಣುಬಿಟ್ಟ ಹಾಗೆ.

ನಮ್ಮಲ್ಲಿ ಮುಗಿಸುವುದಕ್ಕೂ ಒಂದು ಶಾಸ್ತ್ರವಿದೆ. ಕಛೇರಿ ಮಂಗಳದಿಂದ ಮುಗಿಯುತ್ತದೆ, ಭಜನೆ ಆರತಿಯಿಂದ, ಭಾಷಣ ‘ಜೈ ಕರ್ನಾಟಕ’ದಿಂದ. ಅದು ಕಿವಿಗೆ ಬಿದ್ದದ್ದೇ ಜನ ಚಪ್ಪಲಿ ಹುಡುಕಲು ಏಳುತ್ತಾರೆ. ಟಿವಿ ಗೇಮಿನ ಸಂಗೀತಕ್ಕೆ ಆ ಭಾಗ್ಯವಿಲ್ಲ. ಅದನ್ನು ಕಟ್ಟಿದ ಪುಣ್ಯಾತ್ಮರಿಗೆ ಗೇಮಿನ ಮೆಮೊರಿ ಚಿಪ್‌ನೊಳಗೆ ಸಿಕ್ಕಿದ್ದು ಸಾಸಿವೆಯಷ್ಟು ಜಾಗ. ಅಷ್ಟರಲ್ಲಿ ಹಿಡಿಯುವ ಒಂದು ತುಣುಕು ಮಾಡಿ, ಬಾಲವನ್ನು ತಲೆಗೆ ಗಂಟುಹಾಕಿ ಸುತ್ತಲು ಬಿಟ್ಟರು. ಆಡುವವನು ಎಷ್ಟು ಹೊತ್ತು ಬದುಕಿರುತ್ತಾನೋ ಅವರಿಗೇನು ಗೊತ್ತು?

ಇದು ನನಗೆ ಹೊಳೆದದ್ದು ಎರಡು ಸಾವಿರದ ದಶಕದ ನಡುವಿನಲ್ಲಿ, ನಾವು ಮೂವರು ಎಂಜಿನಿಯರಿಂಗ್ ಓದುವ ನೆಪದಲ್ಲಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಬ್ಯಾಂಡ್ ಕಟ್ಟಿದಾಗ. ಗಿಟಾರಿಗೆ ಪ್ರಶಾಂತ, ಡ್ರಮ್ಸಿಗೆ ಇರ್ಫಾನ್, ಬೇಸ್ ಗಿಟಾರಿಗೆ ನಾನು. ಬೇಸ್ ಯಾರಿಗೂ ಸರಿಯಾಗಿ ಕೇಳಿಸುವುದಿಲ್ಲ ಎಂಬ ಭರವಸೆಯ ಮೇಲೆ ನನ್ನನ್ನು ಸೇರಿಸಿಕೊಂಡಿದ್ದರು. ಹಳೆಯ ವಿಮಾನದ ಗೇಮೊಂದರ ಟ್ಯೂನನ್ನು ಹೆವಿ ಮೆಟಲ್ಲಿಗೆ ಏರಿಸುವುದು ನಮ್ಮ ಯೋಜನೆ. ಕೀಂಕೀಂ ಎನ್ನುವ ಟ್ಯೂನಿಗೆ ಇಷ್ಟು ಗದ್ದಲವೇಕೆ ಎಂದು ಕೇಳಿದವರಿಗೆ, ಕೀಂಕೀಂ ಅಂದದ್ದು ಟಿವಿಯಲ್ಲಿ, ನಮ್ಮ ಕಿವಿಯೊಳಗೆ ಆಗಲೇ ಯುದ್ಧ ನಡೆದಿತ್ತು ಎನ್ನುತ್ತಿದ್ದೆವು. ಈಗ ಆ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಆಂಪ್ಲಿಫೈಯರ್ ಸಿಕ್ಕರೆ ನೆನಪು ಯಾವುದನ್ನು ಬೇಕಾದರೂ ಯುದ್ಧ ಮಾಡಿಬಿಡುತ್ತದೆ.

ನಮ್ಮ ಅಭ್ಯಾಸವೆಲ್ಲ ವಿಜಯನಗರದಲ್ಲಿ, ಪ್ರಶಾಂತನ ಬಾಡಿಗೆ ಮನೆಯ ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ಒಂಟಿ ಕೋಣೆಯಲ್ಲಿ. ಆ ಕೋಣೆ ಬಿಟ್ಟರೆ ಇಡೀ ಪಶ್ಚಿಮ ಬೆಂಗಳೂರಿನಲ್ಲಿ ನಮ್ಮ ಸದ್ದಿಗೆ ಜಾಗವಿರಲಿಲ್ಲ. ಮನೆಯ ಓನರ್ ನಂಜುಂಡಯ್ಯನವರೇ ಬೀದಿಯ ಗಣೇಶ ಸಮಿತಿಗೂ ಅಧ್ಯಕ್ಷರು. ಆ ವರ್ಷ ಹಬ್ಬಕ್ಕೆ ಒಪ್ಪಿದ್ದ ಆರ್ಕೆಸ್ಟ್ರಾದವರು ಕೈಕೊಟ್ಟಾಗ ನಂಜುಂಡಯ್ಯನವರು ನಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತರು.

“ಹತ್ತು ನಿಮಿಷ ಕಣ್ರಪ್ಪಾ. ಎಂಟಕ್ಕೆ ಮಂಗಳಾರತಿ. ಅದಾದ್ಮೇಲೆ ಒಂದ್ಸಲ ಟಿಂಗ್ ಅಂದ್ರೂ ನಾಳೆ ಈ ರೂಮ್ ಖಾಲಿ ಮಾಡ್ಬೇಕು.”

ಶುರುಮಾಡುವುದು ಗೊತ್ತಿತ್ತು. ಮುಗಿಸುವುದು ಹೇಗೆ?

“ಕೊನೇಲಿ ಢಂ ಢಢಂ ಅಂತ ಬರುತ್ತೆ ಮಗಾ, ನಂಗೆ ಚೆನ್ನಾಗ್ ನೆನಪಿದೆ,” ಎಂದ ಇರ್ಫಾನ್. ಬಾರಿಸಿಯೂ ತೋರಿಸಿದ.

ಪ್ರಶಾಂತ ಗಿಟಾರನ್ನು ಕೆಳಗಿಟ್ಟ. “ಗುರು, ಅದು ವಾರ್ತೆ ಮ್ಯೂಸಿಕ್ಕು ಕಣೋ!”

ಹೌದು, ಅದು ವಾರ್ತೆಯ ಮ್ಯೂಸಿಕ್ಕೇ. ಇರ್ಫಾನನ ತಂದೆ ಅಂಗಡಿ ಮುಚ್ಚಿ ಬಂದವರೇ ಆಟ ನಿಲ್ಲಿಸಿ ವಾರ್ತೆ ಹಾಕುತ್ತಿದ್ದರಂತೆ. ಇಷ್ಟು ವರ್ಷ ಅವನು ದೇಶದ ಮುಖ್ಯಾಂಶಗಳನ್ನು ಗೇಮಿನ ಕೊನೆಯೆಂದೇ ಜೋಪಾನ ಮಾಡಿಕೊಂಡು ಬಂದಿದ್ದ. ನಾನು ಬಿದ್ದು ಬಿದ್ದು ನಕ್ಕು, ಕೊನೆ ಹಾಗಲ್ಲ, ಸ್ವರದ ನಟ್ಟನಡುವೆ ಕತ್ತರಿಸಿದಂತೆ ನಿಲ್ಲುತ್ತದೆ ಎಂದೆ.

“ಅದು ಟ್ಯೂನ್ ಅಲ್ಲ ಮಚ್ಚಾ, ಬಸವೇಶ್ವರನಗರದ ನಿಮ್ಮನೇಲಿ ಕರೆಂಟ್ ಹೋಗಿದ್ದು,” ಎಂದ ಇರ್ಫಾನ್, ಸೇಡು ತೀರಿದ ಸಂತೋಷದಲ್ಲಿ.

“ನಿಂಗೋ?” ಎಂದು ಪ್ರಶಾಂತನನ್ನು ಕೇಳಿದೆವು.

“ಟ್ಯೂನ್ ಮುಗ್ದಿದ್ದೇ ನೆನಪಿಲ್ಲ. ಅಮ್ಮ ಬೈದಿದ್ದು ನೆನಪಿದೆ.”

ಮೂವರ ನೆನಪೂ ಹೀಗೆ ಕೆಲಸಕ್ಕೆ ಬಾರದ್ದರಿಂದ ಒಂದು ಒಪ್ಪಂದ ಮಾಡಿಕೊಂಡೆವು. ಸಮಯವಾದಾಗ ಪ್ರಶಾಂತ ಗಿಟಾರಿನ ಕತ್ತನ್ನು ಮೇಲೆತ್ತುವುದು, ನಾವಿಬ್ಬರು ಅದನ್ನು ನೋಡಿ ನಿಲ್ಲಿಸುವುದು. ಎಷ್ಟು ಸರಳ!

ಆದರೆ ಮೆಟಲ್ ನುಡಿಸುವವರು ನುಡಿಸುವುದು ತಲೆಯಿಂದ ಎಂಬುದನ್ನು ಮರೆತಿದ್ದೆವು. ಕೋಣೆಯಲ್ಲಿ ತಲೆ ಆಡಿಸಿದರೆ ಟ್ಯಾಂಕಿನ ಪೈಪಿಗೆ ಬಡಿಯುತ್ತಿತ್ತು, ಆದ್ದರಿಂದ ಶಿಸ್ತಾಗಿದ್ದೆವು. ಶಾಮಿಯಾನದ ಕೆಳಗೆ ಪೈಪಿರಲಿಲ್ಲ. ಇರ್ಫಾನನ ತಲೆ ಡ್ರಮ್ಮಿನೊಳಗೇ ಇಳಿಯಿತು, ನನ್ನ ಕೂದಲು ಕಣ್ಣಿಗೆ ಪರದೆಯಾಯಿತು. ಪ್ರಶಾಂತ ಗಿಟಾರ್ ಎತ್ತಿದನಂತೆ. ಯಾರು ನೋಡಬೇಕು? ನಾವು ನಿಲ್ಲಿಸಲಿಲ್ಲವೆಂದು ಅವನೂ ಮುಂದುವರಿಸಿದ. ಟ್ಯೂನು ಮತ್ತೆ ಮೊದಲಿಗೆ ಬಂತು. ಮತ್ತೆ ಎತ್ತಿದ, ಮತ್ತೆ ಮೊದಲಿಗೆ ಬಂತು. ಕೂದಲ ಸಂದಿಯಿಂದ ನನಗೆ ಕಂಡದ್ದು ಎರಡೇ: ಕರ್ಪೂರದ ತಟ್ಟೆ ಹಿಡಿದು ಕಾದಿದ್ದ ಅರ್ಚಕರು, ಮತ್ತು ಗಡಿಯಾರ ನೋಡಿಕೊಂಡು ಕುರ್ಚಿಯಿಂದ ಏಳುತ್ತಿದ್ದ ನಂಜುಂಡಯ್ಯನವರು. ಕೋಣೆ ಹೋಯಿತು ಅಂದುಕೊಂಡೆ. ಆದರೂ ಬೆರಳು ನಿಲ್ಲಲಿಲ್ಲ. ಸುತ್ತುತ್ತಿರುವುದರಿಂದ ಇಳಿಯುವುದೆಲ್ಲಿ?

ಆಗ ಹೆಂಗಸರ ಸಾಲಿನಿಂದ, ಮೈಕಿನ ಹಂಗಿಲ್ಲದೆ, ಪ್ರಶಾಂತನ ಅಮ್ಮನ ಗದಗ ಸೀಮೆಯ ಕಂಠ ಎದ್ದಿತು:

“ಏ ಪ್ರಶಾಂತಾ! ಸಾಕು, ಬಂದ್ ಮಾಡ! ಎಷ್ಟೊತ್ತಾತು!”

ನಿಂತಿತು. ಗಿಟಾರ್, ಬೇಸ್, ಡ್ರಮ್ಸ್ ಮೂರೂ ಒಂದೇ ಪೆಟ್ಟಿಗೆ, ಕತ್ತಿಯಲ್ಲಿ ಕುಯ್ದ ಹಾಗೆ. ಅಭ್ಯಾಸದಲ್ಲಿ ಒಮ್ಮೆಯೂ ನಾವು ಹಾಗೆ ಕೂಡಿ ನಿಂತದ್ದಿಲ್ಲ. ಸಭೆಯಲ್ಲಿದ್ದ ನಮ್ಮ ವಯಸ್ಸಿನ ಹುಡುಗರೂ ತಮಗೇ ಬೈದರೆಂಬಂತೆ ನೆಟ್ಟಗೆ ಕುಳಿತರು. ಅರ್ಚಕರು ಗಂಟೆ ಬಾರಿಸಿದರು. ಜನ ಅದನ್ನೂ ನಮ್ಮ ಟ್ಯೂನಿನ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಪ್ರಸಾದ ಹಂಚುವಾಗ ನಂಜುಂಡಯ್ಯನವರು ಹತ್ತಿರ ಬಂದರು. “ಏನ್ ಬಾರ್ಸಿದ್ರೋ ಒಂದೂ ಅರ್ಥ ಆಗ್ಲಿಲ್ಲ. ಆದ್ರೆ ಮುಗಿಸಿದ್ರಲ್ಲ, ಅದು ಮಾತ್ರ ಬಹಳ ಚೆನ್ನಾಗಿತ್ತು. ರೂಮ್ ಇಟ್ಕೊಳ್ಳಿ. ಪ್ರಾಕ್ಟೀಸ್ ಮಾಡುವಾಗ ಆ ತಾಯೀನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ.”

ಅಂದು ಕೂಗಿದ್ದು ತನ್ನ ತಾಯಿ ಎಂದು ಇರ್ಫಾನ್ ಈಗ ಎಲ್ಲರಿಗೂ ಹೇಳುತ್ತಾನೆ. ಆಕೆ ಆ ದಿನ ಊರಿನಲ್ಲೇ ಇರಲಿಲ್ಲ. ನಾನು ತಿದ್ದಲು ಹೋಗುವುದಿಲ್ಲ. ವಾರ್ತೆಯ ಮ್ಯೂಸಿಕ್ಕನ್ನು ಕಳೆದುಕೊಂಡವನಿಗೆ ಅಷ್ಟಾದರೂ ಬೇಡವೇ?

ನಮ್ಮಂತೆಯೇ ಗೇಮಿನ ಟ್ಯೂನುಗಳಿಗೆ ಮೆಟಲ್ ತೊಡಿಸುವವರು ಲೋಕದ ತುಂಬ ಇದ್ದಾರೆಂದು ಮನೆಗೆ ಇಂಟರ್ನೆಟ್ ಬಂದಮೇಲೆ ತಿಳಿಯಿತು. ನಮಗಿಂತ ನೂರು ಪಾಲು ಚೆನ್ನಾಗಿ ನುಡಿಸುತ್ತಾರೆ. ಕೊನೆ ಬಂದಾಗ ಮಾತ್ರ ಹಲವರು ಸದ್ದನ್ನು ಮೆಲ್ಲಗೆ ತಗ್ಗಿಸುತ್ತ, ತಗ್ಗಿಸುತ್ತ ಮಾಯವಾಗುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಅಯ್ಯೋ ಪಾಪ ಅನ್ನಿಸುತ್ತದೆ. ಇವರ ಮನೆಯಲ್ಲಿ ಸಾಕು ಅನ್ನುವವರು ಯಾರೂ ಇರಲಿಲ್ಲವೇನೋ.