ಒಂದು ಡ್ರಮ್ಮು ಹಳೇ ನೀರು

ಟೀಂ... ಟೀಂ... ನೂರು ಲೀಟರು ನೀರು ಹರಿದಾಗಲೆಲ್ಲ ಬೆಟಗೇರಿಯ ನೂಲುಬಣ್ಣದ ಕಾರ್ಖಾನೆಯಲ್ಲಿ ಮೀಟರು ಹೀಗೆ ಕೂಗುತ್ತದೆ. ಬುಧವಾರ ಮುಂಜಾನೆ ಅದು ನಿಲ್ಲಲೇ ಇಲ್ಲ. ಬಣ್ಣ ತಪ್ಪಿದ ಇನ್ನೂರು ಸೀರೆಯ ನೂಲನ್ನು ಮತ್ತೆ ತೊಳೆಯುತ್ತಿದ್ದರು. ಪ್ರತಿ ಕೂಗನ್ನೂ ವೆಂಕಪ್ಪ ಬೆರಳು ಮಡಿಸಿ ಎಣಿಸುತ್ತಿದ್ದ.

ಮೂವತ್ತೆಂಟು ವರ್ಷದಿಂದ ನೂಲಿಗೆ ಬಣ್ಣ ಹಾಕುವವನು ವೆಂಕಪ್ಪ. ಮೊಣಕೈವರೆಗೆ ಹತ್ತಿದ ಕೆಂಪು ಊಟಕ್ಕೆ ಕೂತಾಗಲೂ ಮಾಸಿದ್ದಿಲ್ಲ. ಹತ್ತು ದಿನಕ್ಕೊಮ್ಮೆ ನಲ್ಲಿ ಬರುವ ಊರಿನಲ್ಲಿ ಅವನ ಅಪ್ಪ ಕಲಿಸಿದ್ದು ಒಂದೇ: ಬಣ್ಣ ಹಾಕಿದ ಮೇಲೆ ಕೊಪ್ಪರಿಗೆಯಲ್ಲಿ ಉಳಿದ ನೀರು ಚೆಲ್ಲಬಾರದು, ನಾಳೆಯ ಕೆಂಪು ಇಂದಿನ ನೀರಿನಲ್ಲೇ ಶುರುವಾಗಬೇಕು.

ಎರಡು ವರ್ಷದ ಹಿಂದೆ ಮಾಲೀಕ ಮನೋಹರ ಹೊರದೇಶದ ಕಂಪನಿಯ ಬಂಡವಾಳ ತಂದ. ಕೊಳೆನೀರು ಶುದ್ಧಮಾಡುವ ಯಂತ್ರ ಬಂತು. ಓಣಿಯ ಗಟಾರದಲ್ಲಿ ಬಣ್ಣ ಹರಿಯುವುದು ನಿಂತಿತು. ಅದನ್ನು ವೆಂಕಪ್ಪನೂ ಮೆಚ್ಚಿದ. ಒಂಬತ್ತು ಬಣ್ಣಗಾರರು ನಾಲ್ವರಾದರು. ಪ್ರತಿ ಕೊಪ್ಪರಿಗೆಗೂ ಹೊಸ ನೀರು, ಕಂಪನಿಯ ಮಾದರಿಗಿಂತ ಬಣ್ಣ ಕೂದಲೆಳೆಯಷ್ಟೂ ತಪ್ಪಕೂಡದು ಎಂಬ ನಿಯಮ ಬಂತು.

ಸೋಮವಾರ ಸಂಜೆ ವೆಂಕಪ್ಪ, ಮನಸ್ಸು ತಡೆಯದೆ, ಒಂದು ಡ್ರಮ್ಮು ಹಳೇ ನೀರು ಮುಚ್ಚಿಟ್ಟ. ಮಂಗಳವಾರ ಕೊಪ್ಪರಿಗೆಗೆ ಸುರಿದ. ನೂಲು ಒಣಗಿದಾಗ ಕೆಂಪು ಮಾದರಿಗಿಂತ ಒಂದಿಷ್ಟು ಗಾಢವಾಗಿತ್ತು. ಒಂದು ಡ್ರಮ್ಮು ಉಳಿಸಲು ಹೋಗಿ ಈಗ ಮೂವತ್ತು ಹೋಗುತ್ತಿದ್ದವು.

ವಿದ್ಯಾಶ್ರೀ ಕಾಗದ ಹಿಡಿದು ಬಂದಳು. ಇದೇ ಓಣಿಯ ನೇಕಾರರ ಮಗಳು, ಈಗ ಕಂಪನಿಯ ಮೇಲ್ವಿಚಾರಕಿ.

"ಕಾಕಾ, ಇಷ್ಟು ನೀರು ಯಾಕ ಹೋತಂತ ಕಂಪನಿ ಕೇಳೈತಿ. ತಪ್ಪು ಮಾಡಿದವ್ರ ಹೆಸರು ಬರೀಬೇಕು. ಬರದ ಮ್ಯಾಲ ಅವರು ನಾಳಿಂದ ಕೆಲಸಕ್ಕ ಬರಂಗಿಲ್ಲ."

"ಯಾರ್ದು ಬರೀತಿ?"

"ಗದಿಗೆವ್ವಂದು. ತೊಳಿಯಾಕ ಬಂದು ಮೂರೇ ತಿಂಗಳಾತು. ತಿಳೀದ ಹಳೇ ನೀರು ಸುರದಾಳಂತ ಬರದ್ರ ಆತು."

ತೊಟ್ಟಿಯ ಬಳಿ ಗದಿಗೆವ್ವ ತಲೆಯೆತ್ತದೆ ನೂಲು ಹಿಂಡುತ್ತಿದ್ದಳು. ಅವಳ ಕೈ ಮಾತ್ರ ನಿಂತಿತು.

"ಬಕೀಟು ಎತ್ತಿದ್ರ ಓಲಾಡ್ತಾಳ, ಡ್ರಮ್ಮು ಎತ್ತತಾಳೇನವ್ವಾ?" ವೆಂಕಪ್ಪ ನಗಲು ನೋಡಿದ, ಆಗಲಿಲ್ಲ. "ನಾ ಸುರದೇನಿ. ನನ್ನ ಹೆಸರು ಬರಿ."

"ಸುಮ್ನಿರ್ರಿ! ನಿಮ್ಮ ಕೆಲಸಾ ನಾ ಉಳಸಾಕ ಹೊಂಟೇನಿ. ಈ ವಯಸ್ಸಿನ್ಯಾಗ ನಿಮಗ ಇನ್ಯಾರು ಕೆಲಸಾ ಕೊಡ್ತಾರ? ಮನ್ಯಾಗ ಬನಶಂಕರೆವ್ವ ಕಾಕು ಒಬ್ಬಾಕಿ..."

"ಅಕಿಗೆ ನಾ ಹೇಳ್ತೇನಿ. ನೀ ಬರಿ."

"ಒಂದ್ಸಲ ವಿಚಾರ ಮಾಡ್ರಿ ಕಾಕಾ, ನಾ ಮಾಲಕರ ಕಡೆ ಹೋಗಿ..."

ಮೀಟರು ಕೂಗಿತು. ವೆಂಕಪ್ಪ ಮೊಳೆಯ ಮೇಲಿನ ಟವೆಲು ಹೆಗಲಿಗೆ ಹಾಕಿಕೊಂಡ. ಅವಳಿನ್ನೂ ಮಾತಾಡುತ್ತಿರುವಾಗಲೇ, ಖಾಲಿ ಡ್ರಮ್ಮು ದಾಟಿ ಬಾಗಿಲಿನತ್ತ ನಡೆದ.