ದೇವರ ಮನೆಯ ಮೂರನೆಯ ಗಿಂಡಿ

ಸಂಸ್ಕೃತ ಪಾಠ ಹೇಳುವ ವೃತ್ತಿಯಿಂದ ನಿವೃತ್ತನಾದ ಮೇಲೆ ನನಗೊಂದು ಹುಚ್ಚು ಹಿಡಿಯಿತು. ಗೋವಿಂದನಹಳ್ಳಿಯಲ್ಲಿ ಪಂಚಲಿಂಗೇಶ್ವರನ ದರ್ಶನ ಮುಗಿಸಿ, ರೈತರೊಬ್ಬರ ಕೊಟ್ಟಿಗೆಯಲ್ಲಿ ನೀರು ಕೇಳಲು ನಿಂತಿದ್ದೆ. ಹುಲ್ಲಿನ ಕೆಳಗೆ ಸೋವಿಯತ್ ದೇಶದ ಹಳೆಯ ಮೋಟಾರು ಸೈಕಲ್ಲೊಂದು ಕಾಣಿಸಿತು. ಅದರ ಪಕ್ಕಕ್ಕೆ ಜೋಡಿಸಿದ್ದ ಒಂಟಿಗಾಲಿಯ ತೊಟ್ಟಿಲಿನಲ್ಲಿ ಕೋಳಿಯೊಂದು ಕಾವು ಕೂತಿತ್ತು. ಎಂಜಿನ್ನಿನ ಎಡಬಲಕ್ಕೆ ಚಾಚಿಕೊಂಡಿದ್ದ ಎರಡು ಸಿಲಿಂಡರುಗಳು ಗರ್ಭಗುಡಿಯ ದ್ವಾರಪಾಲಕರಂತೆ ತೋರಿದವು. ಮರಿಗಳು ಹೊರಬರುವವರೆಗೆ ಕಾದು, ಅದನ್ನು ಶ್ರೀರಂಗಪಟ್ಟಣದ ನಮ್ಮ ಮನೆಗೆ ತರಿಸಿದೆ.

ಯಂತ್ರಶಾಸ್ತ್ರ ನನಗೆ ತಿಳಿಯದು; ಕ್ರಮ ಮಾತ್ರ ತಿಳಿದಿತ್ತು. ಬಿಚ್ಚಿದ ಭಾಗಗಳನ್ನು ಹಳೆಯ ಪಂಚೆಯ ತುಂಡುಗಳಲ್ಲಿ ಗಂಟು ಕಟ್ಟಿ, ಬಿಚ್ಚಿದ ವರಸೆಯಲ್ಲೇ ಅಶ್ವಿನಿಯಿಂದ ರೇವತಿಯವರೆಗೆ ಇಪ್ಪತ್ತೇಳು ನಕ್ಷತ್ರಗಳ ಹೆಸರು ಬರೆದಿಟ್ಟೆ. ಕೊನೆಗೆ ಬಿಚ್ಚಿದ್ದನ್ನು ಮೊದಲು ಜೋಡಿಸಬೇಕಷ್ಟೆ. ತುಕ್ಕು ತೆಗೆದು, ಎಣ್ಣೆ ಹಚ್ಚಿ, ರೇವತಿಯಿಂದ ಹಿಂದಕ್ಕೆ ನಡೆಯುತ್ತ ಹಲವು ವರ್ಷಗಳಲ್ಲಿ ಚಿತ್ತಾ ನಕ್ಷತ್ರದವರೆಗೆ ಬಂದೆ. ಅಷ್ಟರಲ್ಲಿ ಬೆರಳುಗಳು ನಡುಗತೊಡಗಿದವು. ಮೊಣಕಾಲು ನನ್ನನ್ನು ನೆಲಕ್ಕೆ ಕೂರಗೊಡದಾಯಿತು. ಭಗವಂತನು ಇಷ್ಟು ಸಾಕೆಂದನೆಂದು ತಿಳಿದು, ಮಾರಲು ನಿಶ್ಚಯಿಸಿದೆ.

ಮೊದಲು ಕೇಳಿದವರು ಹೆದ್ದಾರಿಯ ಹೋಟೆಲೊಂದರ ಯಜಮಾನರು. ಬಣ್ಣ ಬಳಿದು ಬಾಗಿಲಲ್ಲಿ ನಿಲ್ಲಿಸುವುದು ಅವರ ಉದ್ದೇಶ. ಅದು ಮತ್ತೆ ಓಡಬೇಕೆಂಬುದೊಂದೇ ನನ್ನ ಆಸೆಯಾಗಿದ್ದುದರಿಂದ, ಚಿನಕುರಳಿಯ ಕಡೆಯ ಕಲ್ಲುಕ್ವಾರಿಗಳಲ್ಲಿ ಕಂಪ್ರೆಸರ್ ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರಿಗೆ ಹೇಳಿಕಳಿಸಿದೆ. ನಡುವಯಸ್ಸಿನ ಆತ, ಗೂಡ್ಸ್ ಆಟೊ ಓಡಿಸುವ ಸ್ನೇಹಿತನೊಂದಿಗೆ ಒಂದು ಶುಕ್ರವಾರ ಬೆಳಿಗ್ಗೆ ಬಂದ.

ಶೆಡ್ಡಿನ ಗಂಟುಗಳನ್ನು ನೋಡಿ ಸ್ನೇಹಿತ ನಕ್ಕ. "ಏನ್ಲಾ ಇದು, ಗಾಡಿ ತಗಳಕೆ ಬಂದ್ಯೋ, ಜಾತ್ಕ ಬರ್ಸಕೆ ಬಂದ್ಯೋ?"

"ಸುಮ್ಕಿರ್ಲಾ. ನೀನು ಬಿಚ್ಚಿದ್ದನ್ನ ಒಂದಿನಾನಾದ್ರೂ ಇಂಗೆ ಕಟ್ಟಿ ಮಡಗಿದ್ದೀಯಾ?" ಎಂದು ಮೆಕ್ಯಾನಿಕ್ ಒಂದೊಂದೇ ಗಂಟು ಬಿಚ್ಚುತ್ತ ಹೋದ. ಕೃತ್ತಿಕೆಯ ಗಂಟಿಗೆ ಬಂದಾಗ ಅವನ ಕೈ ನಿಂತಿತು. ಎರಡು ಸಿಲಿಂಡರಿಗೆ ಎರಡು ಕಾರ್ಬುರೇಟರು. ಒಂದೊಂದರಲ್ಲೂ ಪೆಟ್ರೋಲಿನ ಮೇಲೆ ತೇಲುತ್ತ, ಅದು ಉಕ್ಕದಂತೆ ಕಾಯುವ ಟೊಳ್ಳು ಹಿತ್ತಾಳೆಯ ಗುಂಡು ಇರಬೇಕು. ಗಂಟಿನಲ್ಲಿ ಇದ್ದದ್ದು ಒಂದೇ, ಕಪ್ಪಿಟ್ಟು ಹೋಗಿತ್ತು.

"ಇದ್ರ ಜೋಡಿ ಎಲ್ಲಿ ಮೇಷ್ಟ್ರೇ? ಅದಿಲ್ದಿದ್ರೆ ಬಲಗಡೆ ಸಿಲಿಂಡ್ರು ಸತ್ತಂಗೇಯ. ಈ ಅಳತೇದು ಎಲ್ಲೂ ಸಿಕ್ಕಾಕಿಲ್ಲ. ಓಡ್ದೇ ಇರೋ ಗಾಡೀನ ತಗಂಡೋಗಿ ನಾನೇನ್ ಮಾಡ್ಲಿ? ಓಟ್ಲೋರು ಕೇಳವ್ರಂತಲ್ಲ, ಅವರ್ಗೇ ಕೊಟ್ಬುಡಿ."

ಶೆಡ್ಡೆಲ್ಲ ಜಾಲಾಡಿದೆವು. ಕಾಫಿ ತಂದ ನನ್ನ ಧರ್ಮಪತ್ನಿ ಅವನ ಅಂಗೈಯಲ್ಲಿದ್ದ ಗುಂಡನ್ನು ನೋಡಿದಳು. ತಟ್ಟೆಯನ್ನು ಕೆಳಗಿಟ್ಟು, "ಸ್ವಲ್ಪ ಒಳಗೆ ಬನ್ನಿ" ಎಂದು ನನ್ನನ್ನು ದೇವರ ಮನೆಗೆ ಕರೆದಳು.

ಅಲ್ಲಿ ಕಾಶಿಯಿಂದ ಬಂದ, ಬಾಯಿಗೆ ಬೆಸುಗೆ ಹಾಕಿದ ಗಂಗಾಜಲದ ಗಿಂಡಿಗಳು ಮೂರಿದ್ದವು. ಮೂರನೆಯದಕ್ಕೆ ಬಾಯಿಯೇ ಇರಲಿಲ್ಲ.

"ಆಯುಧಪೂಜೆಗೆ ಶೆಡ್ಡು ಗುಡಿಸುವಾಗ ಮೂಲೇಲಿ ಸಿಕ್ತು. ನಿಮ್ಮ ಅಕ್ಕ ತಂದುಕೊಟ್ಟ ಗಂಗೇನ ಎಲ್ಲೋ ಬೀಳಿಸಿದಾರೆ ಅಂತ ನಿಮ್ಮನ್ನೇ ಬೈಕೊಂಡು ಒಳಗಿಟ್ಟೆ. ನಾಲ್ಕು ವರ್ಷ ಆಯ್ತು. ನಿತ್ಯ ಪೂಜೆ ಮಾಡೋರಿಗೆ ಗೊತ್ತಾಗಬೇಡವೇ?"

ಗೊತ್ತಾಗಿರಲಿಲ್ಲ. ಅವಳ ತವರಿನವರು ಯಾರೋ ಕೊಟ್ಟದ್ದೆಂದು ಭಾವಿಸಿ, ನಾಲ್ಕು ವರ್ಷ ದಿನವೂ ಅದಕ್ಕೆ ಗಂಧವಿಟ್ಟು ತುಳಸಿ ಏರಿಸಿದವನು ನಾನೇ. ಶುಕ್ರವಾರ ಶುಕ್ರವಾರ ಅವಳು ಹುಣಸೆಹಣ್ಣಿನಲ್ಲಿ ತಿಕ್ಕಿದ್ದರಿಂದ ಅದು ಹೊಸ ಬಂಗಾರದಂತೆ ಹೊಳೆಯುತ್ತಿತ್ತು.

"ಒಂದು ವೇಳೆ ಗಂಗೆಯೇ ಆಗಿದ್ದರೆ?" ಎಂದು ಅವಳಿಗೆ ಅನುಮಾನ. ನಾನು ಕರೆದಾಗ ಮೆಕ್ಯಾನಿಕ್ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಹೊಸಿಲಾಚೆ ನಿಂತ. ನಾನು ಕೊಟ್ಟ ಗುಂಡನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದ.

"ಒಳಗೆ ಒಂದ್ ತೊಟ್ಟೂ ಇಲ್ಲ ಕಣ್ರಮ್ಮಾ. ಗಂಗೆನೂ ಇಲ್ಲ, ಪೆಟ್ರೋಲೂ ಇಲ್ಲ. ಎಲ್ಲೂ ತೂತಾಗಿಲ್ಲ. ನಮ್ ಗುಂಡೇ ಇದು!"

"ಬುಡ್ಲಾ," ಎಂದ ಸ್ನೇಹಿತ ಹಿಂದಿನಿಂದ. "ದೇವ್ರ ಮನೇದ್ನ ಇಂಜಿನ್ಗೆ ಆಕ್ಬುಟ್ರೆ ಪಾಪ ಬತ್ತದೆ."

"ಲೇ, ನಮ್ ಕಂಪ್ರೆಸರ್ಗೆ ವರ್ಸಾ ವರ್ಸಾ ಆರ್ತಿ ಎತ್ತಲ್ವೇನ್ಲಾ? ಅದ್ಯಾವ ದೇವ್ರ ಮನೇದು?"

ಆದರೂ ಪೂಜೆಗೊಂಡದ್ದನ್ನು ಬರಿದೇ ಎತ್ತಿಕೊಡಲು ನನ್ನ ಮನಸ್ಸೂ ಒಪ್ಪಲಿಲ್ಲ. ವ್ರತ ಮುಗಿದ ಮೇಲೆ ಕಲಶವನ್ನು ಕದಲಿಸಿ ಕಳುಹಿಸಿಕೊಡುವ ಕ್ರಮವಿದೆಯಷ್ಟೆ. ಗುಂಡನ್ನು ಮತ್ತೆ ಪೀಠದಲ್ಲಿಟ್ಟು, ಮಂತ್ರಾಕ್ಷತೆ ಹಾಕಿ, ಉತ್ತರಕ್ಕೆ ಒಂದಿಷ್ಟು ಸರಿಸಿದೆ. ಅವಳು ಕೊನೆಯ ಬಾರಿ ಕುಂಕುಮವಿಟ್ಟು, ವೀಳ್ಯದೆಲೆಯ ಮೇಲೆ ಅದನ್ನು ಕೊಟ್ಟಳು. ಎರಡೂ ಕೈ ಚಾಚಿ ಪಡೆದ ಮೆಕ್ಯಾನಿಕ್ ಕಣ್ಣಿಗೊತ್ತಿಕೊಂಡು ಅಂಗಿಯ ಜೇಬಿನಲ್ಲಿಟ್ಟ. ಉಳಿದ ಗಂಟುಗಳೂ ಗಾಡಿಯೂ ಆಟೊ ಏರಿ ಪಾಂಡವಪುರದ ರಸ್ತೆ ಹಿಡಿದವು. ಖಾಲಿ ಶೆಡ್ಡನ್ನು ಗುಡಿಸುವಾಗ ಬೇಸರ ಬರುವುದೆಂದುಕೊಂಡಿದ್ದೆ, ಬರಲಿಲ್ಲ.

ಕಾರ್ತಿಕದ ಒಂದು ಸಂಜೆ, ಸಂಧ್ಯಾವಂದನೆಗೆ ಏಳುವ ಮೊದಲು, ಕಿರಂಗೂರಿನ ಕಡೆಯಿಂದ ಗಂಭೀರವಾದ ಗುಡುಗುಡು ಸದ್ದೊಂದು ಬಂದು ನಮ್ಮ ಬಾಗಿಲಲ್ಲಿ ನಿಂತಿತು. ಗಾಡಿಗೆ ಇನ್ನೂ ಬಣ್ಣವಾಗಿರಲಿಲ್ಲ. ಎರಡೂ ಸಿಲಿಂಡರುಗಳು ಸಮನಾಗಿ ಉಸಿರಾಡುತ್ತಿದ್ದವು. ನಾನು ಕಣ್ಣುಮುಚ್ಚಿ ಕೇಳುತ್ತ ನಿಂತೆ. ನನ್ನಾಕೆ ಕುಂಕುಮದ ಭರಣಿ ಹಿಡಿದು ಹೊರಬಂದಳು.

"ನಮ್ಮದು ಯಾವ ಕಡೆ ಇದೆಯಪ್ಪ?"

"ಬಲಗಡೆ ಕಣ್ರಮ್ಮಾ. ತಡೀರಿ, ಬಿಸಿ ಅದೆ, ಕೈ ಸುಟ್ಟಾತು."

ಅದು ಆರುವವರೆಗೆ ಅವಳು ಜಗುಲಿಯಲ್ಲಿ ಕೂತು ಕಾದಳು.